ಪಹಣಿಯಲ್ಲಿ ವೀರಗಲ್ಲಿಗೂ ಒಂದು ಸಾಲು ಬೇಕು

ನಮ್ಮ ಕಡೆ ಹಳೇ ಕಲ್ಲು ಹುಡುಕುವವರೆಲ್ಲ ಮೊದಲು ತೆಗೆಯುವುದು ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟವನ್ನು. ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆಯೂ ಅದರಲ್ಲೇ ಇದೆ, ನಮ್ಮದು ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ ಅಲ್ವಾ. ಪ್ರತಿ ಶಾಸನದ ಜೊತೆ ಅದು ಇರುವ ಜಾಗವನ್ನೂ ಬರೆದಿದ್ದಾರೆ. ಆ ಗುರುತು ಹಿಡಿದು ಹೋದರೆ ಎಷ್ಟೋ ಕಡೆ ಊರಿದೆ, ಗುಡಿಯಿದೆ, ಕಲ್ಲು ಮಾತ್ರ ಇಲ್ಲ. ಆಗ ಕುರಿ ಕಾಯುವವರನ್ನೇ ಕೇಳಬೇಕು.

ಮೊನ್ನೆ ದಾವಣಗೆರೆ ತಾಲೂಕಿನ ಒಂದು ಮೆಕ್ಕೆಜೋಳದ ಹೊಲದ ಬದುವಿನಲ್ಲಿ, ಜಾಲಿ ಪೊದೆಯೊಳಗೆ ಒಂದು ವೀರಗಲ್ಲು ನೋಡಿದೆ. ಮೇಲೆ ಸೂರ್ಯ, ಚಂದ್ರ, ಲಿಂಗ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಕೆಳಗಿನ ಅಂಕಣ ಅರ್ಧ ಮಣ್ಣಲ್ಲಿ ಹೂತಿತ್ತು. ಇಳಿಬಿಸಿಲು ಓರೆಯಾಗಿ ಬಿದ್ದಾಗ ಬಿಲ್ಲು ಹಿಡಿದವನ ಹಿಂದೆ ಹಸುಗಳ ಕೊಂಬು ಕಾಣಿಸಿದವು. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನು. ಅದೇ ಕಲ್ಲಿನ ಮುಖ್ಯ ಸುದ್ದಿ. ಊರಿನವರು ಒಳ್ಳೆ ಮನಸ್ಸಿನಿಂದಲೇ ಸಿಮೆಂಟ್ ಕಟ್ಟೆ ಕಟ್ಟಿದಾಗ ಮುಚ್ಚಿಹೋಗುವುದೂ ಆ ಕೆಳಗಿನ ಅಂಕಣವೇ! ಮೇಲೆ ಆಯಿಲ್ ಪೇಂಟ್ ಬಳಿದರಂತೂ ಅಕ್ಷರದ ಕಥೆ ಮುಗಿಯಿತು.

ಇಂಥ ಕಲ್ಲನ್ನು ಮ್ಯೂಸಿಯಂಗೆ ಸಾಗಿಸಿ ಅನ್ನುವವರಿದ್ದಾರೆ. ನಿಧಿಗಳ್ಳರ ಭಯ ನಿಜವೇ. ಆದರೂ ನನಗೆ ಒಪ್ಪಿಗೆಯಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗಿ ನೋಡಿ. ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ ವಿಷಯ ಅಲ್ಲಿ ಬಂಡೆ ಮೇಲಿದೆ, ಪ್ರಾಕೃತ ಭಾಷೆಯಲ್ಲಿ, 4ನೇ ಶತಮಾನದ್ದು. ಬಂಡೆ ಅಲ್ಲೇ ಇರುವುದರಿಂದ ಆ ಬರಹದ ಜೊತೆ ಗುಡ್ಡ, ಕಣಿವೆ, ನೀರು ನಿಲ್ಲುವ ಜಾಗ ಎಲ್ಲವನ್ನೂ ನೋಡಬಹುದು. ವೀರಗಲ್ಲಿಗೂ ಆ ಭಾಗ್ಯ ಬೇಡವೇ? ಎತ್ತಿ ಒಯ್ದರೆ ಆ ಹಸುಗಳು ಮೇಯುತ್ತಿದ್ದ ಬಯಲು ಯಾವುದು ಅಂತ ಯಾರು ಹೇಳಬೇಕು?

ನೋಡಲು ಹೋದವರು ಸೀಮೆಸುಣ್ಣ, ಪೌಡರ್ ಉಜ್ಜಬೇಡಿ. ಸಂಜೆ ಬಿಸಿಲು ಸಾಕು, ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿಯಿರಿ.

ಪಹಣಿಯಲ್ಲಿ ಬಾವಿ ಬರೆಯುತ್ತಾರೆ, ಮರಗಳನ್ನು ಬರೆಯುತ್ತಾರೆ. ಹೊಲದಲ್ಲಿ ವೀರಗಲ್ಲೋ ಶಾಸನವೋ ಇದ್ದರೆ ಅದನ್ನೂ ಸರ್ವೆ ನಂಬರ್ ಜೊತೆ ಬರೆಯಲಿ. ರಸ್ತೆ ಅಗಲ ಮಾಡಲು ಜೆಸಿಬಿ ಬರುವ ಮೊದಲೇ ಅದು ಕಾಗದದಲ್ಲಿ ಇರಬೇಕು. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ನಮ್ಮೂರಲ್ಲಿ ನಾನು ಕೇಳುತ್ತೇನೆ.