ವಿದೇಶಾಂಗ ಇಲಾಖೆಯ ಲೆಕ್ಕ ನಮ್ಮ ಕಣ್ಣೆದುರೇ ಆಗಲಿ

ಭಾರತದ ವಿದೇಶಾಂಗ ಇಲಾಖೆಗೆ 2025-26ರ ಬಜೆಟ್‌ನಲ್ಲಿ ಇಟ್ಟ ಹಣ ಸುಮಾರು 20,516 ಕೋಟಿ ರೂಪಾಯಿ. ಕೇಳಿದರೆ ದೊಡ್ಡ ಮೊತ್ತ ಅನಿಸುತ್ತದೆ. ಆದರೆ ದೇಶದ ಒಟ್ಟು ಬಜೆಟ್ 50 ಲಕ್ಷ ಕೋಟಿ ದಾಟಿದೆ. ಅಂದರೆ ಸರ್ಕಾರ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಈ ಇಲಾಖೆಗೆ ಐವತ್ತು ಪೈಸೆಯೂ ಸಿಗುವುದಿಲ್ಲ. ಅದರಲ್ಲೂ ಭೂತಾನ್‌ಗೆ 2,150 ಕೋಟಿ, ಮಾಲ್ಡೀವ್ಸ್‌ಗೆ 600 ಕೋಟಿ ಎಂದು ನೆರೆಯವರಿಗೆ ಕೊಡುವ ನೆರವು ಸೇರಿದೆ. ಆ ನೆರವು ಬೇಕಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಉಳಿದ ದುಡ್ಡಿನಲ್ಲಿ ದೆಹಲಿಯ ಕಚೇರಿ, ಜಗತ್ತಿನ ಉದ್ದಗಲಕ್ಕೂ ಇರುವ ಎಂಬಸಿಗಳು, ಪಾಸ್‌ಪೋರ್ಟ್ ಸೇವೆ, ತರಬೇತಿ ಎಲ್ಲವೂ ನಡೆಯಬೇಕು.

ನಾನು ಇರುವುದು ಇಂಗ್ಲೆಂಡಿನಲ್ಲಿ. ಇಲ್ಲಿನ ಪಾರ್ಲಿಮೆಂಟು ತನ್ನ ವಿದೇಶಾಂಗ ಇಲಾಖೆಯನ್ನು ಹೇಗೆ ಪ್ರಶ್ನಿಸುತ್ತದೆ, ನಮ್ಮ ಸಂಸತ್ತು ಹೇಗೆ ಪ್ರಶ್ನಿಸುತ್ತದೆ ಎಂದು ಎರಡನ್ನೂ ಆಸಕ್ತಿಯಿಂದ ನೋಡುತ್ತೇನೆ. ಹೊರದೇಶದಲ್ಲಿರುವ ನಮ್ಮಂಥವರಿಗೆ ಇದು ದೂರದ ರಾಜಕೀಯ ಅಲ್ಲ. ಪಾಸ್‌ಪೋರ್ಟ್ ಕಳೆದರೆ, ಮಾಲೀಕ ಸಂಬಳ ಕೊಡದಿದ್ದರೆ, ಯಾರಾದರೂ ತೀರಿಕೊಂಡು ದೇಹ ಊರಿಗೆ ಕಳಿಸಬೇಕಾದರೆ ನಾವು ಹೋಗಿ ನಿಲ್ಲುವುದು ಎಂಬಸಿಯ ಕೌಂಟರಿನ ಮುಂದೆಯೇ. ಆ ಕೌಂಟರಿನ ಹಿಂದೆ ಎಷ್ಟು ಜನ ಇದ್ದಾರೆ ಎನ್ನುವುದು ಬಜೆಟ್‌ನಲ್ಲಿ ತೀರ್ಮಾನವಾಗುತ್ತದೆ.

ಮೊದಲು ನಮ್ಮದರ ಒಳ್ಳೆಯ ಭಾಗ ಹೇಳುತ್ತೇನೆ. ಅದನ್ನು ಹೊರಗಿರುವವರು ಹೇಳುವುದು ಕಡಿಮೆ.

1993ರಲ್ಲಿ ನಮ್ಮ ಸಂಸತ್ತು ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ಮಾಡಿತು. ಮೊದಲು 17 ಇದ್ದವು, 2004ರಲ್ಲಿ 24 ಆದವು. ವಿದೇಶಾಂಗ ಸಮಿತಿಯಲ್ಲಿ ಲೋಕಸಭೆಯಿಂದ 21, ರಾಜ್ಯಸಭೆಯಿಂದ 10, ಒಟ್ಟು 31 ಸಂಸದರು. ಬಜೆಟ್ ಮಂಡನೆ ಆದ ಮೇಲೆ ಸದನಕ್ಕೆ ಕೆಲವು ವಾರ ಬಿಡುವು ಕೊಡುತ್ತಾರೆ. ಆಗ ಈ ಸಮಿತಿ ಕೂತು ಇಲಾಖೆಯ ಅನುದಾನ ಬೇಡಿಕೆಯನ್ನು, ಅಂದರೆ ಖರ್ಚಿಗೆ ಕೇಳಿದ ಹಣದ ಪಟ್ಟಿಯನ್ನು, ಒಂದೊಂದು ಬಾಬ್ತಾಗಿ ನೋಡುತ್ತದೆ. ಹೋದ ವರ್ಷ ಕೊಟ್ಟದ್ದೆಷ್ಟು, ಖರ್ಚಾದದ್ದೆಷ್ಟು, ಎಷ್ಟು ಹುದ್ದೆ ಖಾಲಿ, ಎಲ್ಲಿ ಕಟ್ಟಡದ ಕೆಲಸ ನಿಂತುಹೋಗಿದೆ. ಸಾಮಾನ್ಯವಾಗಿ ಪ್ರತಿ ವರ್ಷ ವರದಿ ಬರುತ್ತದೆ. ಅದಕ್ಕೆ ಇಲಾಖೆ ಮೂರು ತಿಂಗಳಲ್ಲಿ ಉತ್ತರ ಕೊಡಬೇಕು. ಆ ಉತ್ತರದ ಮೇಲೆ ಸಮಿತಿ ಇನ್ನೊಂದು ವರದಿ ಕೊಡುತ್ತದೆ.

ಬ್ರಿಟನ್ನಿನಲ್ಲಿ ಇಷ್ಟು ಕಟ್ಟುನಿಟ್ಟಿನ ಪದ್ಧತಿ ಇಲ್ಲ. ಇಲ್ಲಿ ಸರ್ಕಾರದ ಖರ್ಚಿನ ಅಂದಾಜಿಗೆ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ ಹೆಚ್ಚುಕಡಿಮೆ ಹಾಗೇ ಒಪ್ಪಿಗೆ ಕೊಡುತ್ತದೆ. ಕೊನೆಯ ಸಲ ಒಂದು ಅಂದಾಜನ್ನು ಸಭೆ ತಿರಸ್ಕರಿಸಿದ್ದು 1919ರಲ್ಲಿ, ಅದೂ ಲಾರ್ಡ್ ಚಾನ್ಸಲರ್ ಅವರಿಗೆ ಎರಡನೇ ಬಚ್ಚಲುಮನೆ ಕಟ್ಟಿಸುವ ಖರ್ಚಿಗೆ. ಹಾಗಾಗಿ ದುಡ್ಡನ್ನು ಸಾಲುಸಾಲಾಗಿ ನೋಡುವ ವಿಷಯದಲ್ಲಿ ನಮ್ಮ ವ್ಯವಸ್ಥೆಯೇ ಮೇಲು.

2023ರ ಮಾರ್ಚ್‌ನಲ್ಲಿ ನಮ್ಮ ಸಮಿತಿ ಕೊಟ್ಟ ವರದಿ ನೋಡಿ. ಆಗ ಅಧ್ಯಕ್ಷರಾಗಿದ್ದವರು ಆಡಳಿತ ಪಕ್ಷದ ಪಿ.ಪಿ. ಚೌಧರಿ. ಇಲಾಖೆಯ ಎಲ್ಲ ವರ್ಗಗಳ ಬಲ ಸೇರಿ 4,888, ಅದರಲ್ಲಿ ಐಎಫ್‌ಎಸ್ (ಭಾರತೀಯ ವಿದೇಶಾಂಗ ಸೇವೆ) ಅಧಿಕಾರಿಗಳು 1,011 ಮಾತ್ರ ಎಂದು ಸಮಿತಿ ಬರೆಯಿತು. ಅವರಲ್ಲಿ 667 ಜನ ಹೊರದೇಶಗಳಲ್ಲಿ, 334 ಜನ ದೆಹಲಿಯಲ್ಲಿ. ದೆಹಲಿಯಲ್ಲಿರುವ ವಿಭಾಗಗಳೇ 57. ಬೇರೆ ಅನೇಕ ದೇಶಗಳಿಗೆ ಹೋಲಿಸಿದರೆ ಬಹುಶಃ ನಮ್ಮ ರಾಜತಾಂತ್ರಿಕ ಸೇವೆಯಲ್ಲೇ ಜನ ತೀರಾ ಕಡಿಮೆ ಎಂದಿತು. ಇಲಾಖೆಗೆ ಒಟ್ಟು ಬಜೆಟ್‌ನ ಶೇ. 1ರಷ್ಟಾದರೂ ಕೊಡಿ ಎಂದೂ ಹೇಳಿತು. ಆಡಳಿತ ಪಕ್ಷದವರೇ ಅಧ್ಯಕ್ಷರಾಗಿರುವ ಸಮಿತಿ ತನ್ನ ಸರ್ಕಾರಕ್ಕೆ ಇಷ್ಟು ನೇರವಾಗಿ ಹೇಳಿದ್ದು ಸಣ್ಣ ಮಾತಲ್ಲ. ಅದಕ್ಕೂ ಮೊದಲು, 2016ರಲ್ಲಿ ಶಶಿ ತರೂರ್ ಅಧ್ಯಕ್ಷತೆಯ ಸಮಿತಿ ಐಎಫ್‌ಎಸ್ ನೇಮಕಾತಿಯ ಮೇಲೆಯೇ ಪ್ರತ್ಯೇಕ ವರದಿ ಕೊಟ್ಟಿತ್ತು.

ಆಮೇಲೆ ಏನಾಯಿತು? 2023ರ ಅದೇ ಮಾರ್ಚ್ ತಿಂಗಳ 23ರಂದು ಲೋಕಸಭೆ ಎಲ್ಲ ಇಲಾಖೆಗಳ ಬೇಡಿಕೆಗಳನ್ನೂ ಗಿಲೊಟಿನ್ ಹಾಕಿ, ಅಂದರೆ ಒಂದೇ ಸಲ ಮತಕ್ಕೆ ಹಾಕಿ, ಒಟ್ಟಿಗೆ ಪಾಸು ಮಾಡಿತು. ಗದ್ದಲದ ಮಧ್ಯೆ, ಚರ್ಚೆಯೇ ಇಲ್ಲದೆ. 2018ರಲ್ಲೂ ಹೀಗೇ ಆಗಿತ್ತು. ಸಮಿತಿ ವಾರಗಟ್ಟಲೆ ಕೂತು ಬರೆದ ವರದಿಯನ್ನು ಸದನದಲ್ಲಿ ಯಾರೂ ಎತ್ತಲಿಲ್ಲ. ಅದನ್ನು ಓದಿದವರು ಕೆಲವು ಪತ್ರಕರ್ತರು, ಒಂದಷ್ಟು ಆಸಕ್ತರು ಮಾತ್ರ.

2023ರ ಏಪ್ರಿಲ್ 15ಕ್ಕೆ ಸುಡಾನ್‌ನಲ್ಲಿ ಯುದ್ಧ ಶುರುವಾಯಿತು. ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡರು. ಅವರಿದ್ದದ್ದು ರಾಜಧಾನಿ ಖಾರ್ಟೂಮ್‌ನಿಂದ ಬಹಳ ದೂರದ ಅಲ್ ಫಶೀರ್‌ನಲ್ಲಿ. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿ ಉತ್ತರಿಸಿದರು, ಚುನಾವಣೆ ಹತ್ತಿರ ಇದ್ದ ಕಾರಣ ಕೆಲವು ದಿನ ಅದೇ ಸುದ್ದಿ. ಅಲ್ಲಿದ್ದ ಭಾರತೀಯರನ್ನು ಕರೆತರುವ ಆಪರೇಷನ್ ಕಾವೇರಿ ಚೆನ್ನಾಗಿ ನಡೆಯಿತು, ಸಾವಿರಾರು ಜನ ವಾಪಸ್ ಬಂದರು. ಬಾಂಬ್ ಬೀಳುವ ಊರಿನಲ್ಲಿ ಕೂತು ಕೆಲಸ ಮಾಡಿದ ಎಂಬಸಿ ಸಿಬ್ಬಂದಿಗೆ ನನ್ನ ಗೌರವ ಇದೆ. ಆದರೆ ಅವರು ಎಷ್ಟು ಜನ ಇದ್ದರು? ಎಷ್ಟು ಜನ ಇರಬೇಕಿತ್ತು? ಜನ ಸಾಲದು ಎಂದು ಸಮಿತಿ ತಿಂಗಳ ಹಿಂದಷ್ಟೇ ಬರೆದಿತ್ತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಟ್ವೀಟ್ ಜಗಳದಲ್ಲಿ ಈ ಪ್ರಶ್ನೆ ಬರಲೇ ಇಲ್ಲ.

ಇದನ್ನು ಕಾಬೂಲ್ ಬಿದ್ದಾಗ ಬ್ರಿಟನ್ನಿನಲ್ಲಿ ಆದದ್ದರ ಪಕ್ಕದಲ್ಲಿಟ್ಟು ನೋಡಿ. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್ ಹಿಡಿಯಿತು. ಆಗ ವಿದೇಶಾಂಗ ಸಚಿವ ಡೊಮಿನಿಕ್ ರಾಬ್ ರಜೆಯಲ್ಲಿದ್ದರು. ಇಲಾಖೆಯ ಅತಿ ಹಿರಿಯ ಅಧಿಕಾರಿ ಸರ್ ಫಿಲಿಪ್ ಬಾರ್ಟನ್ ಕೂಡ ರಜೆಯಲ್ಲಿದ್ದರು, ಅವರು ಕೆಲಸಕ್ಕೆ ಬಂದದ್ದು 26ಕ್ಕೆ. ತೆರವು ಕೆಲಸ ಮುಗಿದದ್ದು 28ಕ್ಕೆ. ಕಾಮನ್ಸ್ ಸಭೆಯ ವಿದೇಶಾಂಗ ಸಮಿತಿ ಇದರ ತನಿಖೆಗೆ ಕೂತಿತು. ಇಲಾಖೆಯಲ್ಲಿದ್ದ ಒಬ್ಬ ಕಿರಿಯ ಅಧಿಕಾರಿ ಸಮಿತಿಗೆ ಲಿಖಿತ ಹೇಳಿಕೆ ಕೊಟ್ಟರು. ಸಹಾಯ ಬೇಡಿ ಬಂದ ಸಾವಿರಾರು ಇಮೇಲ್‌ಗಳನ್ನು ಓದಿದವರೇ ಇರಲಿಲ್ಲ, ಒಂದು ಶನಿವಾರ ಮಧ್ಯಾಹ್ನ ಆ ಇನ್‌ಬಾಕ್ಸ್ ನೋಡುತ್ತಿದ್ದದ್ದು ತಾನೊಬ್ಬನೇ ಎಂದು ಬರೆದರು. ಅದರ ಹಿಂದಿನ ವರ್ಷವಷ್ಟೇ ವಿದೇಶಾಂಗ ಇಲಾಖೆಯನ್ನೂ ನೆರವಿನ ಇಲಾಖೆಯನ್ನೂ ಸೇರಿಸಿ ಒಂದು ಮಾಡಿದ್ದರು. ಎರಡರ ಕಂಪ್ಯೂಟರ್ ವ್ಯವಸ್ಥೆ ಇನ್ನೂ ಒಂದಾಗಿರಲಿಲ್ಲ, ಅದರಿಂದಲೂ ಕೆಲಸ ಕೆಟ್ಟಿತು ಎನ್ನುವುದೂ ಅದರಲ್ಲಿತ್ತು.

ಬಾರ್ಟನ್ ಅವರನ್ನು ಸಮಿತಿ ಕರೆಸಿ ಕೇಳಿತು. ಯಾಕೆ ರಜೆ ಅರ್ಧಕ್ಕೇ ಬಿಟ್ಟು ಬರಲಿಲ್ಲ? ಎಷ್ಟು ಜನರನ್ನು ಆ ಕೆಲಸಕ್ಕೆ ಹಾಕಿದ್ದಿರಿ? ಎಲ್ಲವೂ ಕ್ಯಾಮೆರಾ ಮುಂದೆ. ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದಿತ್ತು. ಒಂದೊಂದು ಪ್ರಶ್ನೆ, ಒಂದೊಂದು ಉತ್ತರ ಅಚ್ಚಾಗಿ ಪಾರ್ಲಿಮೆಂಟಿನ ವೆಬ್‌ಸೈಟ್‌ನಲ್ಲಿ ಇವತ್ತಿಗೂ ಇದೆ. 2022ರ ಮೇನಲ್ಲಿ ಬಂದ ವರದಿ, ಬಾರ್ಟನ್ ತಮ್ಮ ಸ್ಥಾನದ ಬಗ್ಗೆ ಯೋಚಿಸಲಿ ಎಂದಿತು. ಆಗ ಸಮಿತಿಯ ಅಧ್ಯಕ್ಷ ಟಾಮ್ ಟುಗೆಂಡಾಟ್, ಆಡಳಿತ ಪಕ್ಷದವರೇ. ಬಾರ್ಟನ್ ಹುದ್ದೆ ಬಿಡಲಿಲ್ಲ, 2025ರವರೆಗೂ ಇದ್ದರು. ಸಮಿತಿಗೆ ಯಾರನ್ನೂ ತೆಗೆಯುವ ಅಧಿಕಾರ ಇಲ್ಲ. ಆದರೂ ಜನಕ್ಕೆ ಗೊತ್ತಾಯಿತು. ನನಗೆ ಮುಖ್ಯ ಅನಿಸುವುದು ಅದೇ.

ದುಡ್ಡಿನ ವಿಷಯದಲ್ಲೂ ಈ ತೆರೆದ ಬಾಗಿಲು ಕೆಲಸ ಮಾಡಿದ ಉದಾಹರಣೆ ಇದೆ. 2011ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್‌ಗೆ ಹಣ ಬರುತ್ತಿದ್ದದ್ದು ವಿದೇಶಾಂಗ ಇಲಾಖೆಯಿಂದ. ಸರ್ಕಾರ ಅದಕ್ಕೆ ದೊಡ್ಡ ಕತ್ತರಿ ಹಾಕಿತು. ನಮ್ಮ ಹಳ್ಳಿಗಳಲ್ಲೂ ಜನ ಕೇಳುತ್ತಿದ್ದ ಹಿಂದಿ ಶಾರ್ಟ್‌ವೇವ್ ಪ್ರಸಾರ ಕೂಡ ನಿಲ್ಲುವುದರಲ್ಲಿತ್ತು. ಸಮಿತಿ ಕಡಿತವನ್ನು ವಿರೋಧಿಸಿ ವರದಿ ಕೊಟ್ಟಿತು, ಸಭೆಯಲ್ಲಿ ಚರ್ಚೆಯಾಯಿತು. ಸರ್ಕಾರ ಸ್ವಲ್ಪ ಹಿಂದೆ ಸರಿದು ವರ್ಷಕ್ಕೆ 22 ಲಕ್ಷ ಪೌಂಡ್ ವಾಪಸ್ ಕೊಟ್ಟಿತು. ಸಣ್ಣ ಗೆಲುವು, ಆದರೆ ಗೆಲುವೇ.

ನಮ್ಮ ಸಮಿತಿಯ ಸಭೆಗಳು ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತವೆ. ನಿಯಮವೇ ಹಾಗಿದೆ. ಸಾಮಾನ್ಯವಾಗಿ ವಿದೇಶಾಂಗ ಕಾರ್ಯದರ್ಶಿ ಮತ್ತು ಅಧಿಕಾರಿಗಳು ಬಂದು ಉತ್ತರಿಸುತ್ತಾರೆ, ಸಚಿವರಲ್ಲ. ಬ್ರಿಟನ್ನಿನಲ್ಲಿ ಸಚಿವರೂ ಬಂದು ಕೂರುತ್ತಾರೆ. ಇಲ್ಲಿನ ಸಮಿತಿಯ ಅಧ್ಯಕ್ಷರನ್ನು 2010ರಿಂದ ಇಡೀ ಕಾಮನ್ಸ್ ಸಭೆ ಗುಪ್ತ ಮತದಾನದಲ್ಲಿ ಆರಿಸುತ್ತದೆ. ನಮ್ಮಲ್ಲಿ ಪಕ್ಷಗಳು ಹೆಸರು ಕೊಡುತ್ತವೆ, ಸ್ಪೀಕರ್ ಮತ್ತು ಸಭಾಪತಿ ನೇಮಿಸುತ್ತಾರೆ, ಅವಧಿ ಒಂದೇ ವರ್ಷ. ಎಂಬಸಿಗಳ ಕೆಲಸ ಏನೆಂದು ಅರ್ಥವಾಗುವ ಹೊತ್ತಿಗೆ ಸದಸ್ಯ ಬೇರೆ ಸಮಿತಿಗೆ ಹೋಗಿರಬಹುದು.

ಬಾಗಿಲು ಮುಚ್ಚಿದ್ದರೇ ಒಳ್ಳೆಯದು ಎನ್ನುವವರ ವಾದವನ್ನೂ ಕೇಳಿದ್ದೇನೆ. ಕ್ಯಾಮೆರಾ ಇಲ್ಲದಿದ್ದಾಗ ಸಂಸದರು ಪಕ್ಷ ಮರೆತು ಮಾತಾಡುತ್ತಾರೆ, ಅದಕ್ಕೇ ಒಮ್ಮತದ ವರದಿ ಬರುತ್ತದೆ ಎನ್ನುತ್ತಾರೆ. ಇದರಲ್ಲಿ ನಿಜ ಇದೆ. 2025ರ ಮೇನಲ್ಲಿ ಪಾಕಿಸ್ತಾನದ ಜೊತೆಗಿನ ಸಂಘರ್ಷದ ಬಗ್ಗೆ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಸಮಿತಿಗೆ ವಿವರ ಕೊಟ್ಟರು. ಅಂಥ ಸಭೆ ಗುಟ್ಟಾಗಿಯೇ ಇರಬೇಕು. ಆದರೆ ಎಷ್ಟು ಹುದ್ದೆ ಖಾಲಿ ಎನ್ನುವುದು ಯಾವ ಗುಟ್ಟು? ಅದನ್ನು ವರದಿಯಲ್ಲಿ ಸಮಿತಿಯೇ ಅಚ್ಚು ಹಾಕುತ್ತದೆ. ಅಂಕಿಯನ್ನು ಹೊರಗಿಟ್ಟು, ಅದರ ಬಗ್ಗೆ ಅಧಿಕಾರಿ ಕೊಟ್ಟ ಸಮಜಾಯಿಷಿಯ ಮಾತನ್ನು ಮಾತ್ರ ಒಳಗಿಟ್ಟುಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಇನ್ನೊಂದು ವಿಷಯ. 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆಯಲ್ಲ, ಕಷ್ಟದಲ್ಲಿರುವ ಅನಿವಾಸಿಗಳಿಗೆ ಟಿಕೆಟ್, ವಕೀಲರ ಖರ್ಚು ಕೊಡುವ ನಿಧಿ, ಅದಕ್ಕೆ ಹಣ ಬರುವುದು ಮುಖ್ಯವಾಗಿ ನಾವು ಎಂಬಸಿಯಲ್ಲಿ ಪಡೆಯುವ ಸೇವೆಗಳ ಮೇಲಿನ ಶುಲ್ಕದಿಂದ. ಗಲ್ಫ್‌ನಲ್ಲಿ ದುಡಿಯುವ ಮಂಗಳೂರು, ಭಟ್ಕಳದವರು ಕೊಟ್ಟ ದುಡ್ಡೂ ಅದರಲ್ಲಿದೆ. ಅದನ್ನು ಯಾವ ಕಚೇರಿ ಎಷ್ಟು ಖರ್ಚು ಮಾಡಿತು, ಎಷ್ಟು ಸುಮ್ನೆ ಉಳಿಸಿಕೊಂಡಿತು ಎಂದು ಸಂಸದರು ಕೇಳುವುದನ್ನು ಕೊಟ್ಟವರು ನೋಡಬೇಕು ಅಲ್ವಾ?

ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ. ಸದನದ ನಿಯಮದಲ್ಲಿ ಸಣ್ಣ ಬದಲಾವಣೆ ಸಾಕು. ಅನುದಾನ ಬೇಡಿಕೆಯ ವಿಚಾರಣೆಯಲ್ಲಿ ಸಿಬ್ಬಂದಿ, ಪಾಸ್‌ಪೋರ್ಟ್, ಕಾನ್ಸುಲರ್ ಸೇವೆ, ಕಲ್ಯಾಣ ನಿಧಿ ಇವಿಷ್ಟಕ್ಕೆ ಒಂದು ದಿನ ಬಾಗಿಲು ತೆರೆಯಲಿ. 2021ರಿಂದ ಸಂಸದ್ ಟಿವಿ ಇದ್ದೇ ಇದೆ, ಅದರಲ್ಲಿ ತೋರಿಸಲಿ. ಭದ್ರತೆಯ ವಿಷಯ ಬಂದರೆ ಕ್ಯಾಮೆರಾ ಆರಿಸಲಿ, ಬ್ರಿಟನ್ನಿನಲ್ಲೂ ಬೇಕಾದಾಗ ಹಾಗೇ ಮಾಡುತ್ತಾರೆ. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಜನ ಹೋಗುತ್ತಾರೆ. ಅವರಲ್ಲಿ ಒಬ್ಬರಾದರೂ ಈ ಬದಲಾವಣೆ ಕೇಳಿ ಸ್ಪೀಕರ್‌ಗೆ ಬರೆಯಬೇಕು. ನಮ್ಮ ಊರಿನ ಸಂಸದರಿಗೆ ನಾನು ಪತ್ರ ಬರೆಯುತ್ತಿದ್ದೇನೆ. ಹೊರನಾಡಿನ ಕನ್ನಡ ಸಂಘಗಳೂ ತಮ್ಮ ತಮ್ಮ ಊರಿನ ಸಂಸದರಿಗೆ ಬರೆದರೆ ಮುಂದಿನ ಬಜೆಟ್ ಅಧಿವೇಶನದೊಳಗೆ ಇದು ಅವರ ಮೇಜಿನ ಮೇಲಿರುತ್ತದೆ.