ಗುಡುಗುಡು ಟುಸ್

ನಮ್ಮ ಕಾರು 1998ರ ಮಾಡೆಲ್ಲು. ಮೂರು ಸಿಲಿಂಡರು, ಕಾರ್ಬೊರೇಟರು, ಕೈಯಲ್ಲಿ ಎಳೆಯುವ ಚೋಕು. ಸಾಗರ ಪೇಟೆಗೆ ಹೋಗಿ ಬರಲು ಅಷ್ಟು ಸಾಕಾಗಿತ್ತು. ಈ ಸಲ ಪುನರ್ವಸು ಮಳೆ ಹಿಡಿದ ವಾರ ಅದು ಕೆಮ್ಮಲು ಶುರು ಮಾಡಿತು. ಹತ್ತು ಸಲ ಸೆಲ್ಫ್ ಹೊಡೆದರೆ ಒಮ್ಮೆ ಸ್ಟಾರ್ಟು. ಸ್ಟಾರ್ಟ್ ಆದರೂ ನೆಟ್ಟಗಿಲ್ಲ. ಗುಡುಗುಡು ಟುಸ್, ಗುಡುಗುಡು ಟುಸ್. ಡ್ಯಾಶ್‌ಬೋರ್ಡಿನ ಗಣಪತಿ 'ಆಗಲ್ಲ, ಆಗಲ್ಲ' ಅಂತ ತಲೆಯಾಡಿಸುತ್ತಿದ್ದ.

ಹೊಸ ಕಾರು ಕೆಟ್ಟರೆ ಯಾರೂ ಹತ್ತಿರ ಬರುವುದಿಲ್ಲ. ಹಳೇದು ಕೆಟ್ಟರೆ ಊರೆಲ್ಲ ಡಾಕ್ಟರು. ಮೇಲಿನ ಮನೆ ರಾಯರು ಕೊಡೆ ಹಿಡಿದು ಬಂದು "ಬ್ಯಾಟರಿ" ಅಂದರು. ಅವರ ಪ್ರಕಾರ ಟಿವಿ ರಿಮೋಟಿನಿಂದ ಹಿಡಿದು ಮೊಮ್ಮಗನ ಗಣಿತದವರೆಗೆ ಎಲ್ಲಕ್ಕೂ ಬ್ಯಾಟರಿ ವೀಕು. ನೋಡಿದರೆ ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕಟ್ಟಿತ್ತು, ನಿಜ. ಹೆಂಡತಿ ಬಜ್ಜಿಗೆ ಅಂತ ಇಟ್ಟಿದ್ದ ಅಡುಗೆ ಸೋಡಾ ಬಿಸಿನೀರಿಗೆ ಸುರಿದು ತೊಳೆದೆ. ನೊರೆ ಚೆನ್ನಾಗಿ ಬಂತು. ಸಂಜೆ ಬಜ್ಜಿ ಮಾತ್ರ ಬರಲಿಲ್ಲ. ಮೀಟರ್ ಇಟ್ಟರೆ 12.6 ವೋಲ್ಟು. ಬ್ಯಾಟರಿ ನನಗಿಂತ ಗಟ್ಟಿಯಾಗಿತ್ತು.

ಭಾವ ಫೋನಿನಲ್ಲೇ ನಾಡಿ ಹಿಡಿದು "ಕಾರ್ಬೊರೇಟರಲ್ಲಿ ಕಸ" ಅಂದರು. ಬಿಚ್ಚಿಸಿ ಕ್ಲೀನ್ ಮಾಡಿಸಿದೆ. ಟುಸ್ ಹಾಗೇ ಇತ್ತು.

ಮಿಸ್ಸಿಂಗ್, ಅಂದರೆ ಯಾವ ಸಿಲಿಂಡರು ದುಡಿಯುತ್ತಿಲ್ಲ ಅನ್ನುವುದನ್ನು ಹುಡುಕಲು ಒಂದು ಹಳೇ ಉಪಾಯವಿದೆ. ಎಂಜಿನ್ ಓಡುತ್ತಿರುವಾಗಲೇ ಸಿಲಿಂಡರಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿನ ವೈರನ್ನು ಒಂದೊಂದಾಗಿ ಕೀಳಬೇಕು. ಕಿತ್ತಾಗ ಎಂಜಿನ್ ಇನ್ನಷ್ಟು ಸೊರಗಿದರೆ ಆ ಸಿಲಿಂಡರು ದುಡಿಯುತ್ತಿದೆ ಅಂತ ಲೆಕ್ಕ. ಕಿತ್ತರೂ ಏನೂ ಆಗದಿದ್ದರೆ ಅದೇ ಮೈಗಳ್ಳ. ಆಫೀಸಿನಲ್ಲೂ ಹೀಗೆ ಹುಡುಕಬಹುದಲ್ವಾ ಅನ್ನಿಸಿತು. ಆದರೆ ಕೀಳುವಾಗ ಕೈಗೆ ಒಣಗಿದ ದಪ್ಪ ರಬ್ಬರ್ ಗ್ಲೌಸು ಇರಬೇಕು. ನಾನು ಟವೆಲ್ ಸುತ್ತಿಕೊಂಡಿದ್ದೆ. ಮಳೆಗಾಲದ ಟವೆಲ್ಲು ಎಲ್ಲಿ ಒಣಗಿರುತ್ತದೆ? ಕಾಯಿಲ್ ಹುಟ್ಟಿಸಿದ ಸಾವಿರಗಟ್ಟಲೆ ವೋಲ್ಟು ಹೆಗಲವರೆಗೂ ಬಂದು ಮಾತಾಡಿಸಿಕೊಂಡು ಹೋಯಿತು. ತಲೆ ಹೋಗಿ ಬಾನೆಟ್ಟಿಗೆ ಬಡಿಯಿತು.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಹೊಡೀತಾ ಸಾರ್?" ಅಂದ, ಖುಷಿಯಲ್ಲಿ. "ಜೋರಾಗಿ ಹೊಡೀತಾ? ಹಾಗಾದ್ರೆ ಕಾಯಿಲ್ ಚೆನ್ನಾಗಿದೆ ಬಿಡಿ!"

ಮೈಗಳ್ಳ ಯಾರು ಅಂತ ಗೊತ್ತಾಯಿತು, ಎರಡನೇ ಸಿಲಿಂಡರು. ಅದರ ಪ್ಲಗ್ ಬಿಚ್ಚಿದರೆ ಪೆಟ್ರೋಲಲ್ಲಿ ಮಿಂದು ಒದ್ದೆಯಾಗಿತ್ತು. ಅಂದರೆ ಪೆಟ್ರೋಲು ಬರುತ್ತಿದೆ, ಕಿಡಿ ಬರುತ್ತಿಲ್ಲ. ಹೊಸ ಪ್ಲಗ್ ಹಾಕಿದೆ. ಶುಕ್ರವಾರ ಬೆಣ್ಣೆಯಂತೆ ಓಡಿತು. ಊರಿಡೀ ಹೇಳಿಕೊಂಡು ಬಂದೆ. ಶನಿವಾರ ಮತ್ತೆ ಟುಸ್.

"ಶುಕ್ರವಾರ ಬಿಸಿಲು ಬಿದ್ದಿತ್ತಲ್ಲ," ಅಂದಳು ಹೆಂಡತಿ. ಅವಳು ತಲೆ ಎತ್ತಲೂ ಇಲ್ಲ, ತರಕಾರಿ ಹೆಚ್ಚುತ್ತಿದ್ದಳು. "ಎರಡು ವಾರದಿಂದ ನಿಮ್ಮ ಪಂಚೆ ಒಣಗಿದ್ದು ಅವತ್ತು ಒಂದೇ ದಿನ."

ಅವತ್ತು ರಾತ್ರಿ ಮಳೆ ಜಾಸ್ತಿಯಾಗಿ ಕರೆಂಟೂ ಹೋಯಿತು. ಯಾಕೋ ಸುಮ್ನೆ ಕಾರಿನ ಹತ್ತಿರ ಹೋದೆ. ಹೇಗೋ ಸ್ಟಾರ್ಟ್ ಮಾಡಿ, ಟಾರ್ಚ್ ಆರಿಸಿ ಬಾನೆಟ್ ಎತ್ತಿದೆ. ಕಗ್ಗತ್ತಲಲ್ಲಿ ಪ್ಲಗ್ ವೈರಿನ ಉದ್ದಕ್ಕೂ ನೀಲಿ ಮಿಣುಕುಹುಳ! ಚಿಟಿಚಿಟಿ ಅಂತ ವೈರಿನಿಂದ ಎಂಜಿನ್ನಿಗೆ ಹಾರುತ್ತಿವೆ. ಹಳೇ ವೈರಿನ ರಬ್ಬರು ಬಿರುಕು ಬಿಟ್ಟಿತ್ತು. ತೇವ ಕೂತ ದಿನ ಕರೆಂಟು ಪ್ಲಗ್‌ವರೆಗೆ ಹೋಗದೆ, ಸ್ಟಾಪ್ ಬರುವ ಮೊದಲೇ ಬಸ್ಸಿನಿಂದ ಇಳಿಯುವ ಹುಡುಗರ ಹಾಗೆ, ಅರ್ಧ ದಾರಿಯಲ್ಲಿ ಇಳಿದುಬಿಡುತ್ತಿತ್ತು. ಹಗಲಲ್ಲಿ ಟಾರ್ಚ್ ಬಿಟ್ಟು ಹುಡುಕಿದ್ದೇ ಹುಡುಕಿದ್ದು. ಕಂಡಿದ್ದು ಕತ್ತಲಲ್ಲಿ.

ಹೊಸ ವೈರ್ ಸೆಟ್ಟು ಶಿವಮೊಗ್ಗದಿಂದ ಬರಲು ಒಂದು ವಾರ ಅಂದರು. ಮಲೆನಾಡಲ್ಲಿ ಒಣಗದ್ದಕ್ಕೆಲ್ಲ ಒಂದೇ ಗತಿ, ಬಚ್ಚಲೊಲೆ. ವೈರುಗಳನ್ನೆಲ್ಲ ಕಿತ್ತು, ಒಲೆ ಮೇಲಿನ ಹಗ್ಗದಲ್ಲಿ ಪಂಚೆಯ ಪಕ್ಕ ನೇತು ಹಾಕಿದೆ. ಬೆಳಿಗ್ಗೆ ಬೆಚ್ಚಗೆ, ಗರಿಗರಿಯಾಗಿದ್ದವು. ಸ್ವಲ್ಪ ಹೊಗೆ ವಾಸನೆ, ಅಷ್ಟೇ.

ಆದರೆ ಯಾವ ವೈರು ಎಲ್ಲಿಗೆ? ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಸರದಿ ಒಂದು, ಮೂರು, ಎರಡು. ನಮ್ಮ ಮೇಷ್ಟ್ರು ಕಲಿಸಿದ್ದು ಒಂದು, ಎರಡು, ಮೂರು. ವೈರುಗಳಿಗೆ ಸರದಿಯಂತೆ ಕರೆಂಟು ಹಂಚುವ ಡೆಲ್ಕೋ ಮುಚ್ಚಳದ ಸುತ್ತ ನಾನೂ ಹಾಗೇ ಸಿಕ್ಕಿಸಿದೆ. ಸೆಲ್ಫ್ ಹೊಡೆದೆ. ಸೈಲೆನ್ಸರಿನಿಂದ ಢಂ! ಇನ್ನೊಮ್ಮೆ ಹೊಡೆದೆ. ಢಂ! ಪಕ್ಕದ ತೋಟದ ಬಾಳೆಗೊನೆ ಬಿಟ್ಟು ಇಪ್ಪತ್ತು ಮಂಗ ಒಂದೇ ನೆಗೆತಕ್ಕೆ ಗುಡ್ಡ ಹತ್ತಿದವು.

ತೋಟದ ಯಜಮಾನರು ಬೇಲಿಯಾಚೆಯಿಂದ ಕೂಗಿದರು. "ಎಷ್ಟು ಕೊಟ್ರಿ ಕೋವಿಗೆ?"

ವೈರು ಅದಲು ಬದಲು ಮಾಡಿದೆ, ಕಾರು ನೆಟ್ಟಗೆ ಹೊರಟಿತು. ವಾರ ಕಳೆದು ಹೊಸ ಸೆಟ್ಟೂ ಬಂತು. ಈಗ ಎಂಥ ಮಳೆಗೂ ಒಂದೇ ಸೆಲ್ಫು. ಟುಸ್ ಇಲ್ಲ, ಗಣಪತಿ ಅಲ್ಲಾಡುವುದಿಲ್ಲ.

ಮೊನ್ನೆ ಬೆಳಿಗ್ಗೆ ಯಜಮಾನರು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು. ಕಾಫಿ ಕುಡಿದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು. "ಮಂಗ ಮತ್ತೆ ಬಂದಾವೆ ಮಾರಾಯ್ರೆ. ಆ ಹಳೇ ವೈರು ಇಟ್ಟಿದ್ದೀರಾ, ಬಿಸಾಕಿದ್ರಾ?"