ಎರಡನೆಯ ಪುನರ್ವಿಂಗಡಣೆ

1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದವರು ಅದಕ್ಕೆ ಮೊದಲು ಒಂದು ಆಯೋಗವನ್ನಾದರೂ ನೇಮಿಸಿ, ಅಹವಾಲು ಕೇಳುವ ಶಾಸ್ತ್ರವನ್ನು ಮುಗಿಸಿದ್ದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗ 1967ರಲ್ಲಿ ಬರೆದೇ ಕೊಟ್ಟಿತು. ಆ ವರದಿಯಿಂದ ಗೆದ್ದಲುಗಳಿಗಾದರೂ ಪ್ರಯೋಜನವಾಗಿರಬಹುದು. ಈಗ ಎರಡನೆಯ ಪುನರ್ವಿಂಗಡಣೆಗೆಂದು ನಮ್ಮ ಜೇಬಿನಲ್ಲೇ ಕುಳಿತಿರುವ ಆಯೋಗಕ್ಕೆ ಮನವಿಪತ್ರವೂ ಬೇಡ, ಸಾಕ್ಷಿಯೂ ಬೇಡ. ನಮ್ಮನ್ನು ವಯಸ್ಸು, ಲಿಂಗ, ಊರು, ಭಾಷೆ, ಆಸಕ್ತಿ ಎಂಬ ಖಾನೆಗಳಲ್ಲಿ ಹಂಚಿ, ಸಾವಿರ ನೋಟಕ್ಕೆ ಇಷ್ಟು ದರವೆಂದು ಜಾಹೀರಾತುದಾರರಿಗೆ ಮಾರುವ ಸಾಮಾಜಿಕ ಜಾಲತಾಣಗಳು ಕಾಸರಗೋಡಿನ ಕನ್ನಡಿಗನ ವಿಷಯದಲ್ಲಿ ಕೊಟ್ಟಿರುವ ತೀರ್ಪು ಬಹಳ ಸರಳವಾಗಿದೆ: ಅಂಥವನೊಬ್ಬನು ಇಲ್ಲ.

ಇದು ನಮಗೆ ತಿಳಿದದ್ದು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ತೋಟದ ಸಾಮಗ್ರಿಗಳ ಅಂಗಡಿ ಇಟ್ಟಿರುವ ಭಾವನಿಗೆ ದೋಟಿ ಮಾರುವ ಹುಮ್ಮಸ್ಸು ಬಂದಾಗ. ಮರ ಹತ್ತದೆ ನೆಲದಲ್ಲೇ ನಿಂತು ಅಡಿಕೆಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೆ ಜಾಲತಾಣದಲ್ಲಿ ಜಾಹೀರಾತು ಕೊಡಿಸಲು ಮಂಗಳೂರಿನಿಂದ ಒಬ್ಬ ಹುಡುಗ ಬಂದು, ಲ್ಯಾಪ್‌ಟಾಪ್ ತೆರೆದು, ವೈದ್ಯರು ನಾಡಿ ಹಿಡಿಯುವ ಗಾಂಭೀರ್ಯದಲ್ಲಿ ಕೇಳಿದ:

“ಅಣ್ಣ, ನಿಮ್ಮ ಗಿರಾಕಿಗಳು ಯಾವ ವಯಸ್ಸಿನವರು?”

“ದೋಟಿ ಹಿಡಿಯುವವರ ವಯಸ್ಸೋ ಮಾಣಿ, ದುಡ್ಡು ಕೊಡುವವರ ವಯಸ್ಸೋ?”

ಹುಡುಗನ ಖಾನೆಗಳಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. 18ರಿಂದ 24, 25ರಿಂದ 34 ಎಂದು ಯೌವನವನ್ನು ಜತನದಿಂದ ಹೋಳು ಮಾಡುವ ಈ ಲೆಕ್ಕ 65ಕ್ಕೆ ಬಂದೊಡನೆ ಸುಸ್ತಾಗಿ, ಅದರ ಮುಂದೆ ಒಂದು ಕೂಡಿಸುವ ಚಿಹ್ನೆ ಹಾಕಿ ಕೈತೊಳೆದುಕೊಳ್ಳುತ್ತದೆ. ನಿನ್ನೆ ನಿವೃತ್ತರಾದ ಬ್ಯಾಂಕ್ ಮ್ಯಾನೇಜರರೂ 95ರ ಮುತ್ತಜ್ಜನೂ ಅಲ್ಲಿ ಸಹಪಾಠಿಗಳು. ಎಳೆಯರು ಇನ್ನೂ ಹಲವು ವರ್ಷ ಕೊಳ್ಳುತ್ತಲೇ ಇರುತ್ತಾರೆ ಎಂಬ ನಂಬಿಕೆಯಿಂದ ಮಾರುಕಟ್ಟೆ ಅವರ ಹಿಂದೆ ಓಡುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಅಡಿಕೆ ಮಾರಿದ ಹಣವಿರುವ ಕಪಾಟಿನ ಬೀಗದ ಕೈ ಅಜ್ಜನ ಸೊಂಟದಲ್ಲಿದೆಯೆಂಬುದನ್ನು ಆ ಮಾರುಕಟ್ಟೆಗೆ ಯಾರೂ ಹೇಳಿಲ್ಲ.

ಇನ್ನು, ಆ ವಯಸ್ಸಾದರೂ ಎಲ್ಲಿಂದ ಬಂದದ್ದು? ಫೇಸ್‌ಬುಕ್ಕಿನಲ್ಲಿ ಖಾತೆ ತೆರೆಯಲು 13 ವರ್ಷ ತುಂಬಿರಬೇಕೆಂಬ ನಿಯಮವಿರುವುದರಿಂದ, ನಮ್ಮ ನೆರೆಮನೆಯ ಏಳನೆಯ ತರಗತಿಯ ಹುಡುಗ ತಾನು 1990ರಲ್ಲಿ ಹುಟ್ಟಿದವನೆಂದು ಘೋಷಿಸಿಕೊಂಡು ಈಗ ಗೃಹಸಾಲದ ಜಾಹೀರಾತುಗಳನ್ನು ನೋಡುತ್ತಿದ್ದಾನೆ. 18 ತುಂಬದ ಮಕ್ಕಳಿಗೆ ಗುರಿಯಿಟ್ಟು ಜಾಹೀರಾತು ತೋರಿಸಬಾರದೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ, ನಿಜ. ಆದರೆ ಕಾಯ್ದೆಯ ಲೆಕ್ಕದಲ್ಲಿ ಮಗುವಾಗಿರುವವನು ಜಾಲತಾಣದ ಲೆಕ್ಕದಲ್ಲಿ ಮನೆ ಕಟ್ಟಿಸುವ ಯಜಮಾನ. ಅವನ ಅಜ್ಜಿಯ ಖಾತೆಯನ್ನು ತೆರೆದುಕೊಟ್ಟದ್ದೂ ಅವನೇ ಆದ್ದರಿಂದ ಅಜ್ಜಿಗೂ ಅದೇ ಹುಟ್ಟಿದ ದಿನ ಸಿಕ್ಕಿದೆ. ಅಜ್ಜಿ ಭಜನೆ ಕೇಳುವ, ಮೊಮ್ಮಗ ಕ್ರಿಕೆಟ್ ನೋಡುವ ಆ ಒಂದೇ ಫೋನಿನ ಆಸಕ್ತಿಗಳನ್ನು ಕೂಡಿಸಿದ ಯಂತ್ರಕ್ಕೆ ಎಂಥ ವ್ಯಕ್ತಿ ಕಾಣಿಸಿರಬಹುದೆಂದು ನಾನು ಆಗಾಗ ಯೋಚಿಸುತ್ತೇನೆ. ಅಂಥವರೊಬ್ಬರು ಸಿಕ್ಕಿದರೆ ಪಂಚಾಯತ್ ಚುನಾವಣೆಗೆ ನಿಲ್ಲಿಸಬಹುದು.

ಭಾಷೆಯ ಖಾನೆಯಲ್ಲಿ ಹುಡುಗ ‘ಕನ್ನಡ’ ಎಂದು ಗುರುತು ಹಾಕಿದೊಡನೆ ಗಿರಾಕಿಗಳ ಸಂಖ್ಯೆ ಬೇಸಗೆಯ ತೋಡಿನಂತೆ ಬತ್ತಿಹೋಯಿತು. ಮನೆಯಲ್ಲಿ ಹವ್ಯಕ ಕನ್ನಡ, ಅಂಗಳದಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಆಡುವ ನಾವು ಫೋನನ್ನು ಮಾತ್ರ ಇಂಗ್ಲಿಷಿನಲ್ಲಿಟ್ಟುಕೊಂಡಿರುತ್ತೇವೆ. ಸಪ್ತಭಾಷಾ ಸಂಗಮಭೂಮಿಯೆಂದು ಎಲ್ಲ ವೇದಿಕೆಗಳಲ್ಲೂ ಹೊಗಳಿಸಿಕೊಳ್ಳುವ ಊರು ಹೀಗೆ ಯಂತ್ರದ ಕಣ್ಣಿಗೆ ಆಂಗ್ಲರ ವಸಾಹತಾಗಿ ಉಳಿಯಿತು. ಹುಡುಗ ಧೈರ್ಯಗೆಡದೆ ಬದಿಯಡ್ಕವನ್ನು ನಡುವಿಗಿಟ್ಟು 40 ಕಿಲೋಮೀಟರಿನ ವೃತ್ತ ಎಳೆದ. ಈಶಾನ್ಯದಲ್ಲಿ ಅದು ಸಾರಡ್ಕದ ಗಡಿಯನ್ನು ಯಾವ ಚೆಕ್‌ಪೋಸ್ಟಿಗೂ ಹೆದರದೆ ದಾಟಿ ಕರ್ನಾಟಕದ ವಿಟ್ಲ, ಪುತ್ತೂರುಗಳನ್ನು ಒಳಗೊಂಡಿತು. ಮಹಾಜನರಿಂದ ಆಗದ ಏಕೀಕರಣವನ್ನು ಮೌಸೆಂಬ ಇಲಿಯ ಒಂದು ಗುಂಡಿ ಸಾಧಿಸಿತೆಂದು ನಾನು ಪುಳಕಿತನಾಗುವಷ್ಟರಲ್ಲಿ, ವೃತ್ತದ ಪಶ್ಚಿಮದ ಭಾಗ ಕುಂಬಳೆಯನ್ನು ದಾಟಿ ಅರಬ್ಬಿ ಸಮುದ್ರದಲ್ಲಿ ಬಿದ್ದಿರುವುದು ಕಂಡಿತು. ಬಂಗುಡೆ ಮೀನಿಗೆ ದೋಟಿಯ ಅಗತ್ಯವಿಲ್ಲವೆಂದು ಭಾವ ನೆನಪಿಸಿದ.

ಈ ವೃತ್ತಗಳ ಮಹಿಮೆಯನ್ನು ನನ್ನ ಹೆಂಡತಿ ಮೊದಲೇ ಬಲ್ಲಳು. ನಮ್ಮ ಸೋಣ ತಿಂಗಳು ಮಲಯಾಳಿಗಳ ಚಿಂಗಂ ಆದ್ದರಿಂದ, ಮನೆಯಲ್ಲಿ ಹೊಸ್ತಿಲ ಪೂಜೆ ಮಾಡುವ ಆಕೆಯ ಫೋನಿನ ತುಂಬ ಓಣಂನ ಜರಿಯಂಚಿನ ‘ಕಸವು’ ಸೀರೆಗಳು. ಆಸ್ಪತ್ರೆಗೆಂದು ಮಂಗಳೂರಿಗೆ ಹೊರಟು ತಲಪಾಡಿ ದಾಟಿದರೆ ಸಾಕು, ಅದೇ ಫೋನು ಆಕೆಯನ್ನು ಕರ್ನಾಟಕದ ಪ್ರಜೆಯೆಂದು ತಿಳಿದು ಮಹಿಳೆಯರ ಉಚಿತ ಬಸ್ ಪ್ರಯಾಣದ ಸುದ್ದಿಯನ್ನು ಮುಂದಿಡುತ್ತದೆ. ಆ ಸೌಲಭ್ಯ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಕೇರಳದ ವಿಳಾಸದ ಆಧಾರ್ ಇರುವ ಆಕೆ ಆ ಸುದ್ದಿಯನ್ನು ಪೂರ್ತಿ ಓದಿ, ಟಿಕೇಟಿಗೆ ಚಿಲ್ಲರೆ ಎಣಿಸುತ್ತಾಳೆ.

ತಿಂಗಳ ಕೊನೆಗೆ ಹುಡುಗ ಬಣ್ಣದ ನಕ್ಷೆಗಳ ವರದಿ ಕಳುಹಿಸಿದ. ಜಾಹೀರಾತನ್ನು ಮೆಚ್ಚಿದವರಲ್ಲಿ 18ರಿಂದ 24ರವರೇ ಮುಂದಿದ್ದರು. ದೋಟಿ ಮಾತ್ರ ಒಂದೂ ಹೋಗಿರಲಿಲ್ಲ. ಆದರೆ ಹಗಲೂ ರಾತ್ರಿ ತನ್ನ ಜಾಹೀರಾತನ್ನೇ ತೆರೆದು ನೋಡುತ್ತಿದ್ದ ಭಾವನನ್ನು ಯಂತ್ರ ಗಮನಿಸದೆ ಬಿಟ್ಟಿರಲಿಲ್ಲ. ದೋಟಿ ಕೊಳ್ಳಲು ಹಾತೊರೆಯುತ್ತಿರುವ 25ರಿಂದ 34ರ ಮಲಯಾಳಿ ಕೃಷಿಕನೊಬ್ಬ ಬದಿಯಡ್ಕದಲ್ಲಿ ಕೊನೆಗೂ ಸಿಕ್ಕಿದನೆಂದು ಅದು ತೀರ್ಮಾನಿಸಿರಬೇಕು. ಐವತ್ತೆಂಟು ದಾಟಿದ ಭಾವನ ಫೋನಿಗೆ ಈಗ ದಿನಕ್ಕೆ ನಾಲ್ಕು ಬಾರಿ, ಅಚ್ಚ ಮಲಯಾಳದಲ್ಲಿ, ಅವನ ಅಂಗಡಿಯ ಬೆಲೆಗಿಂತ ಕಡಿಮೆಗೆ, ಎರ್ನಾಕುಳದಿಂದ ದೋಟಿಯ ಜಾಹೀರಾತು ಬರುತ್ತಿದೆ.